ಅನುಸ್ಥಾಪನೆಯ ಮೊದಲ ಪ್ರಶ್ನೆ

ಗಣಕಕ್ಕೆ ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು ಮೊದಲ ಬಾರಿಗೆ ಅಳವಡಿಸಲು ಹೊರಟವರಿಗೆ ಅನುಸ್ಥಾಪಕವು ಹಾಕುವ ಮೊದಲ ಪ್ರಶ್ನೆ ಭಾಷೆಯದು. ದೇಶ, ಕೀಲಿಮಣೆ, ಗುಪ್ತಪದ, ಡಿಸ್ಕಿನ ವಿಭಜನೆ ಇವೆಲ್ಲ ಅನಂತರ ಬರುತ್ತವೆ. ಆ ಭಾಷಾಪಟ್ಟಿಯಲ್ಲಿ ಕನ್ನಡ ಕಾಣಿಸಿಕೊಂಡದ್ದು 2011ರಲ್ಲಿ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ತಿರುಳನ್ನು ಹೊರತಂದರು. ಅದನ್ನು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ್ದ ಗ್ನೂ ಯೋಜನೆಯ ತಂತ್ರಾಂಶಗಳೊಡನೆ ಕೂಡಿಸಿ ಬಳಕೆಗೆ ಒದಗಿಸುವ ವಿತರಣೆಗಳಲ್ಲಿ ಡೆಬಿಯನ್ ಒಂದು. ಇಯಾನ್ ಮರ್ಡಾಕ್ ಅದನ್ನು 1993ರಲ್ಲಿ ಆರಂಭಿಸಿದರು. ಆಗಿನ ಅನುಸ್ಥಾಪನೆ ಎಂದರೆ ಫ್ಲಾಪಿಗಳ ಕಟ್ಟು ಮತ್ತು ಇಂಗ್ಲಿಷ್ ಪ್ರಶ್ನೆಗಳ ಸಾಲು. ವಿಭಜನೆಯ ಹಂತದಲ್ಲಿ ಒಂದು ತಪ್ಪು ಉತ್ತರ ಕೊಟ್ಟರೆ ಡಿಸ್ಕಿನಲ್ಲಿದ್ದುದೆಲ್ಲ ಅಳಿದುಹೋಗಬಹುದಿತ್ತು. ಎಚ್ಚರಿಕೆ ಇರುತ್ತಿತ್ತು, ನಿಜ. ಅದನ್ನು ಓದಬಲ್ಲವರಿಗೆ ಮಾತ್ರ.

ಕನ್ನಡದ ವಿಳಂಬಕ್ಕೆ ಅನುವಾದಕರ ಕೊರತೆಯೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಪಠ್ಯರೂಪದ ಪರದೆಯು ಸಮಾನ ಅಳತೆಯ ಚೌಕಗಳ ಜಾಲ; ಒಂದು ಚೌಕಕ್ಕೆ ಒಂದು ಅಕ್ಷರ, ಒಟ್ಟು 256 ಅಥವಾ 512 ಆಕಾರಗಳು. ಅಕ್ಷರದ ಕೆಳಗೆ ಒತ್ತು, ಬದಿಗೆ ದೀರ್ಘ, ನೆತ್ತಿಯ ಮೇಲೆ ಗುಡಿಸು ಬರುವ ಲಿಪಿ ಆ ಚೌಕದೊಳಗೆ ಹಿಡಿಯದು. 2007ರ ಏಪ್ರಿಲ್‌ನಲ್ಲಿ ಬಂದ ಡೆಬಿಯನ್ 4.0 ಚಿತ್ರರೂಪದ ಅನುಸ್ಥಾಪಕವನ್ನು ಸೇರಿಸಿದ ಮೇಲೆ ಈ ತೊಡಕು ನೀಗಿತು. 2011ರ ಫೆಬ್ರವರಿಯ 6.0 ಆವೃತ್ತಿಯಲ್ಲಿ ತೆಲುಗು, ಸಿಂಹಳ, ಲಾವೊ ಭಾಷೆಗಳ ಜೊತೆಗೆ ಕನ್ನಡವೂ ಪಟ್ಟಿ ಸೇರಿತು, ಚಿತ್ರರೂಪದಲ್ಲಿ ಮಾತ್ರ. ಆದರೆ ಭಾಷೆಯ ಪ್ರಶ್ನೆಗೂ ಮುನ್ನ ಒಂದು ಇಂಗ್ಲಿಷ್ ಆಯ್ಕೆಪಟ್ಟಿ ಬರುತ್ತಿತ್ತು, ಅದರ ಮೊದಲ ಸಾಲು ಪಠ್ಯರೂಪದ್ದು. ಹೊಸಬರು ಸಹಜವಾಗಿ ಮೊದಲ ಸಾಲನ್ನೇ ಒತ್ತಿದರೆ ಕನ್ನಡ ಸಿಗುತ್ತಲೇ ಇರಲಿಲ್ಲ. 2015ರ 8ನೆಯ ಆವೃತ್ತಿಯಲ್ಲಿ ಚಿತ್ರರೂಪವೇ ಮೊದಲ ಆಯ್ಕೆಯಾಯಿತು.

ಗಡಿನಾಡಿನ ಪೈಕಿ ಕಾಸರಗೋಡಿಗೆ ಈ ಚರಿತ್ರೆಯ ನಂಟು ಹತ್ತಿರದ್ದು. ಕೇರಳ ಸರಕಾರವು 2001ರಲ್ಲಿ ತೊಡಗಿದ ಐಟಿ ಅಟ್ ಸ್ಕೂಲ್ ಯೋಜನೆಯು ಶಾಲೆಗಳಿಗೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿತು. ಅದರ ವಿತರಣೆ ಮೊದಲು ಡೆಬಿಯನ್ ಆಧಾರಿತ, ಬಳಿಕ ಉಬುಂಟು ಆಧಾರಿತ. ಪರವಾನಗಿ ಶುಲ್ಕವಿಲ್ಲದ ಕಾರಣ ಒಂದೇ ಪ್ರತಿಯನ್ನು ಎಷ್ಟು ಗಣಕಗಳಿಗಾದರೂ ಅಳವಡಿಸಬಹುದಿತ್ತು. ಮಾಹಿತಿ ತಂತ್ರಜ್ಞಾನದ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳುಗಳಂತೆ ಕನ್ನಡದಲ್ಲಿಯೂ ಪ್ರಕಟವಾದುವು. ಗಡಿಯಾಚೆಯ ಕನ್ನಡ ಶಾಲೆಗೆ ಪಠ್ಯಪುಸ್ತಕ ಕನ್ನಡದಲ್ಲಿ ದೊರೆಯುವುದು ಸಣ್ಣ ಸಂಗತಿಯಲ್ಲ.

ಅನುಸ್ಥಾಪಕದಲ್ಲಿ ಕನ್ನಡವನ್ನು ಆರಿಸಿ ದೇಶವನ್ನು ಸೂಚಿಸಿದೊಡನೆ ವ್ಯವಸ್ಥೆಯು ‘ಕೆಎನ್-ಐಎನ್’ ಎಂಬ ಸಂಕೇತವನ್ನು ದಾಖಲಿಸಿಕೊಳ್ಳುತ್ತದೆ. ಮೊದಲರ್ಧ ಭಾಷೆಯನ್ನು, ಎರಡನೆಯದು ದೇಶವನ್ನು ಹೇಳುತ್ತದೆ. ರಾಜ್ಯವನ್ನು ಸೂಚಿಸುವ ಅಕ್ಷರ ಅದರಲ್ಲಿಲ್ಲ. ಅಕ್ಕಲಕೋಟೆ, ಆದವಾನಿ, ತಾಳವಾಡಿ, ಮಂಜೇಶ್ವರ, ಮೈಸೂರು, ಎಲ್ಲಿ ಅಳವಡಿಸಿದರೂ ಗಣಕದೊಳಗೆ ಕೂರುವುದು ಅದೇ ಸಂಕೇತ.