ಆನೆಗೊಂದಿಯ ಬಂಡೆಗಳಿಗೆ ಬಂದ ದರ್ಜೆ

ಕೊಪ್ಪಳ ಸೀಮೆಯಲ್ಲಿ ಬಂಡೆ ಎಂದರೆ ಮೊದಲು ರಕ್ಷಣೆ, ಆಮೇಲೆ ಭಕ್ತಿ, ಆಟವಾದದ್ದು ತೀರ ಈಚೆಗೆ. ಟಿಪ್ಪು ಸುಲ್ತಾನ್ ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ ಕೊಪ್ಪಳದ ಕೋಟೆಗೆ 1790ರಲ್ಲಿ ಮುತ್ತಿಗೆ ಹಾಕಿದ ನಿಜಾಮ ಹಾಗೂ ಬ್ರಿಟಿಷರ ಸೇನೆ ತಿಂಗಳುಗಟ್ಟಲೆ ಕಾಯಬೇಕಾಯಿತು. ಕಡಿದಾದ ಗುಡ್ಡವೇ ಅಲ್ಲಿ ಅರ್ಧ ಕೋಟೆ. ಭಕ್ತರು ಹತ್ತುವ ಅಂಜನಾದ್ರಿ ಬೆಟ್ಟದಲ್ಲಿ ಅಂಥದೇ ಕಡಿದಾದ ಬಂಡೆಗೆ 575 ಮೆಟ್ಟಿಲುಗಳಾದವು.

ಹಗ್ಗವಿಲ್ಲದೆ ಗುಂಡುಕಲ್ಲು ಹತ್ತುವ ಬೌಲ್ಡರಿಂಗ್‌ಗೆ ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ, ವಿರುಪಾಪುರಗಡ್ಡಿ ಹೆಸರಾದವು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇಲ್ಲಿ ಸಂದುಸಂದಿನಲ್ಲಿ ಶಿಥಿಲಗೊಂಡು ಗುಂಡುಗಳಾಗಿ ಉಳಿದಿದೆ. ಅಮೆರಿಕದ ಆರೋಹಿ ಕ್ರಿಸ್ ಶರ್ಮಾ ಹಂಪಿ ಸುತ್ತಲಿನ ಬಂಡೆಗಳನ್ನು ಹತ್ತುವ ‘ಪಿಲ್ಗ್ರಿಮೇಜ್’ ಚಿತ್ರ 2003ರಲ್ಲಿ ಬಂದ ಮೇಲೆ ಹೊರದೇಶದವರ ಗಮನ ಇತ್ತ ಹರಿಯಿತು.

ಅವರೊಡನೆ ಬಂಡೆಯ ಕಷ್ಟ ಅಳೆಯುವ ದರ್ಜೆಯ ಲೆಕ್ಕವೂ ಬಂತು. ಫ್ರಾನ್ಸಿನ ಫಾಂಟೆನ್‌ಬ್ಲೋ ಕ್ರಮ ಒಂದು, ಅಮೆರಿಕದ ಜಾನ್ ಶೆರ್ಮನ್ ಅಡ್ಡಹೆಸರಿನ ‘ವಿ’ ಕ್ರಮ ಇನ್ನೊಂದು. ವಿ0 ಹೊಸಬರದು, ವಿ10 ದಾಟಲು ವರ್ಷಗಳ ಸಾಧನೆ ಬೇಕು. ಆಲ್ಪ್ಸ್‌ನ ಹಿಮಜಾರುಗಳಲ್ಲಿ ನೀಲಿ, ಕೆಂಪು, ಕಪ್ಪು ಫಲಕಗಳೇ ಸ್ಕೀಯಿಂಗ್‌ನವರಿಗೆ ದಾರಿ ಎಷ್ಟು ಕಷ್ಟವೆಂದು ಹೇಳುತ್ತವೆ. ಇಲ್ಲಿ ಫಲಕವಿಲ್ಲ, ಹಿಂದೆ ಹತ್ತಿದವರು ಮಾತಾಡಿ ಒಪ್ಪಿದ ಅಂಕಿಯೇ ಆಧಾರ. ಆ ಅಂಕಿಯೂ ಕಷ್ಟವನ್ನು ಹೇಳುತ್ತದೆಯೇ ಹೊರತು ಅಪಾಯವನ್ನಲ್ಲ. ಆಳೆತ್ತರದ ವಿ6ಕ್ಕಿಂತ ಮೂರಾಳೆತ್ತರದ ವಿ1 ಹೆಚ್ಚು ಪೆಟ್ಟು ಕೊಟ್ಟೀತು. ಹೊಸಬರು ನೋಡಬೇಕಾದದ್ದು ಅಂಕಿಗಿಂತ ಮೊದಲು ಬಂಡೆಯ ಎತ್ತರ, ಬುಡದ ನೆಲ, ಹಿಂಬದಿಯ ಇಳಿಯುವ ದಾರಿ. ಬುಡದಲ್ಲಿ ದಪ್ಪ ಸ್ಪಂಜಿನ ಹಾಸು ಇರಬೇಕು, ಬಿದ್ದವರನ್ನು ಹಾಸಿನತ್ತ ತಿರುಗಿಸಲು ಕೈಯೊಡ್ಡಿ ನಿಂತ ಜೊತೆಗಾರರೂ ಇರಬೇಕು.

ಈ ಕಲ್ಲಿನ ಕಣಗಳು ಒರಟು; ಬೆರಳ ತುದಿಯ ಚರ್ಮ ಬೇಗ ಸವೆಯುತ್ತದೆ. ಬಿಸಿಲೇರಿದರೆ ಕೈ ಬೆವತು ಹಿಡಿತ ಜಾರುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ, ಅದೂ ಬೆಳಗು ಮತ್ತು ಸಂಜೆ, ಹತ್ತುವ ಹೊತ್ತು. ಬೇಸಿಗೆಯ ಮಧ್ಯಾಹ್ನ ಸುಲಭದ ಬಂಡೆಯೂ ಸುಲಭವಲ್ಲ.

ಹತ್ತುವವರ ಮುಖ್ಯ ಬೀಡಾಗಿದ್ದ ವಿರುಪಾಪುರಗಡ್ಡಿಯ ರೆಸಾರ್ಟ್‌ಗಳು ಅನಧಿಕೃತವೆಂಬುದನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಅವುಗಳ ತೆರವು ನಡೆಯಿತು. ಈಗ ಬರುವವರು ಹೆಚ್ಚಾಗಿ ಸಾಣಾಪುರ, ಆನೆಗೊಂದಿ ಕಡೆ ಉಳಿದುಕೊಳ್ಳುತ್ತಾರೆ.