ಬಗ್ಗಿ ಕೂತ ಬೆನ್ನು, ಅಪ್ಪನ ಯೆಜ್ಡಿ

ಐದು ವರ್ಷ ಬಿಟ್ಟು ಮತ್ತೆ ಮೋಟಾರ್‌ಸೈಕಲ್ ಹತ್ತಿದ ದಿನ ಕಲಬುರಗಿಯ ಹುಮನಾಬಾದ್ ರಿಂಗ್ ರೋಡಿನಲ್ಲಿ ಗಾಡಿ ಮೂರು ಸಲ ಬಂದ್ ಬಿತ್ತು. ಸಿಗ್ನಲ್ ಹಸಿರಾಗುತ್ತದೆ, ಕ್ಲಚ್ ಬಿಡುತ್ತೇನೆ, ಗಾಡಿ ಒಮ್ಮೆ ಜಿಗಿದು ನಿಂತೇ ಬಿಡುತ್ತದೆ. ಹಿಂದಿದ್ದ ಆಟೋದವರೊಬ್ಬರು ಪಕ್ಕಕ್ಕೆ ಬಂದು, ಗಾಡಿಯನ್ನೂ ನನ್ನನ್ನೂ ಒಮ್ಮೆ ನೋಡಿ, "ಗಾಡಿ ಭಾರಿ ಅದ, ನಡಸ್ಲಾಕ ಬರಲ್ಲೇನ್ ತಮ್ಮಾ?" ಎಂದು ಕೇಳಿ ಮುಂದೆ ಹೋದರು. ನಾನು ಉತ್ತರ ಕೊಡಲಿಲ್ಲ. ಬರುತ್ತದೋ ಇಲ್ಲವೋ ಎಂಬುದು ಆ ಹೊತ್ತಿಗೆ ನನಗೂ ಖಚಿತವಿರಲಿಲ್ಲ.

ಗಾಡಿ ಹೊಸದು, ಸ್ಪೋರ್ಟ್ಸ್ ಬೈಕು. ಹ್ಯಾಂಡಲ್ ಕೆಳಗೆ, ಕಾಲಿಡುವ ಜಾಗ ಹಿಂದೆ ಮತ್ತು ಮೇಲೆ. ಕೂತರೆ ಎದೆ ಟ್ಯಾಂಕಿನ ಕಡೆ ಬಾಗುತ್ತದೆ, ಮೈಭಾರವೆಲ್ಲ ಮುಂಗೈಗೆ ಬರುತ್ತದೆ. 2019ರ ಮಳೆಗಾಲದಲ್ಲಿ ಗೆಳೆಯನೊಬ್ಬನ ಬೈಕಿನಿಂದ ಬಿದ್ದು ಮುರಿದುಕೊಂಡದ್ದೂ ಅದೇ ಬಲ ಮುಂಗೈಯನ್ನು. ಪ್ಲಾಸ್ಟರ್ ಬಿಚ್ಚಿದ ಮೇಲೆ ಐದು ವರ್ಷ ಬಸ್ಸು, ಆಟೋ, ಗೆಳೆಯರ ಹಿಂದಿನ ಸೀಟು. ತಡವಾಗಿ ಒಟ್ಟಿಗೆ ಬಂದ ಫೆಲೋಶಿಪ್ ಹಣದಲ್ಲಿ ಗಾಡಿ ತಂದಾಗ, ಸಂಶೋಧನೆಗೆ ವಾರಕ್ಕೆರಡು ಸಲ ಕಮಲಾಪುರಕ್ಕೆ ಹೋಗಬೇಕು, ಅದಕ್ಕೆ ಎಂದು ಮನೆಯಲ್ಲಿ ಹೇಳಿದೆ. ಹಾಗಾದರೆ ಒಂದು ಸಾದಾ ಗಾಡಿ ಸಾಕಿತ್ತಲ್ಲ ಎಂದು ಅಪ್ಪ ಕೇಳಲಿಲ್ಲ. ಅವ್ವ ಮಾತ್ರ ಹಿಂದಿನ ಸೀಟನ್ನು ಕೈಯಿಂದ ಮುಟ್ಟಿ ನೋಡಿ, "ಇದರ ಮ್ಯಾಲ ನಾ ಹ್ಯಾಂಗ ಕುಂದ್ರಲೆಪಾ?" ಎಂದಳು.

ನನ್ನ ಸಂಶೋಧನೆ ಹೈದರಾಬಾದ್ ಕರ್ನಾಟಕದ ರಸ್ತೆ ಸಾರಿಗೆಯ ಚರಿತ್ರೆ ಕುರಿತದ್ದು. ಈ ಭಾಗದಲ್ಲಿ ರೈಲು ಬೇಗ ಬಂತು. ಮುಂಬೈ–ರಾಯಚೂರು ಮಾರ್ಗ ಕಲಬುರಗಿಯನ್ನು ಹಾದು 1871ರಲ್ಲೇ ಪೂರ್ಣಗೊಂಡಿತು. ನಿಜಾಮರ ರೈಲ್ವೆಯು 1932ರ ಜೂನ್‌ನಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತು. ಆದರೆ ರೈಲು ಹಳಿ ಇದ್ದಲ್ಲಿಗೆ ಮಾತ್ರ ಹೋಗುತ್ತದೆ, ಬಸ್ಸು ತನ್ನ ವೇಳೆಗೆ ಮಾತ್ರ ಬರುತ್ತದೆ. ಕಲಬುರಗಿಯಿಂದ ಬೀದರ್ ಕಡೆಗೆ ರೈಲು ಮಾರ್ಗ ಉದ್ಘಾಟನೆಯಾಗಲು 2017ರ ಅಕ್ಟೋಬರ್ ಬರಬೇಕಾಯಿತು. ಅಲ್ಲಿಯವರೆಗೆ ಮಹಾಗಾಂವ, ಕಮಲಾಪುರದ ಜನಕ್ಕೆ ಉಳಿದದ್ದು ರಸ್ತೆಯೊಂದೇ. ಬಸ್ಸು ತಪ್ಪಿದವರ ಚರಿತ್ರೆ ಹುಡುಕುತ್ತ ಹೋದರೆ ಸಿಗುವುದು ಸೈಕಲ್, ಆಮೇಲೆ ಮೋಟಾರ್‌ಸೈಕಲ್. ಕಡತಗಳಲ್ಲಿ ಬಸ್ಸಿನ ಸಂಖ್ಯೆ ಸಿಗುತ್ತದೆ, ರಸ್ತೆಯ ಉದ್ದ ಸಿಗುತ್ತದೆ. ಒಂದು ಯಂತ್ರಕ್ಕೆ ಜನರ ಮೈ ಹೇಗೆ ಒಗ್ಗಿತು ಎಂಬುದು ಸಿಗುವುದಿಲ್ಲ. ಅದು ಕೈಕಾಲುಗಳಲ್ಲಿ ಉಳಿದಿರುತ್ತದೆ ಎಂದು ನನಗೆ ಹೊಳೆದದ್ದು ಸಿಗ್ನಲ್ಲಿನಲ್ಲಿ ಗಾಡಿ ಬಂದ್ ಬಿದ್ದಾಗ. ಏಕೆಂದರೆ ನನ್ನ ಎಡಗೈ ಕ್ಲಚ್ ಬಿಟ್ಟದ್ದು ಅಪ್ಪನ ಯೆಜ್ಡಿಯ ಲೆಕ್ಕದಲ್ಲಿ.

ಯೆಜ್ಡಿ ನಮ್ಮ ರಾಜ್ಯದ್ದೇ ಗಾಡಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಉತ್ಪಾದನೆ ಶುರು ಮಾಡಿತು. ಕಟ್ಟಿದವರು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ, ಬೆನ್ನಿಗೆ ನಿಂತವರು ಜಯಚಾಮರಾಜ ಒಡೆಯರ್. 'ಜಾವಾ' ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. ಯಾನೆಚೆಕ್ ಮತ್ತು ವಾಂಡರರ್ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ ಆದ ಪದ ಅದು. 1970ರ ದಶಕದಲ್ಲಿ ಮೈಸೂರಿನ ಗಾಡಿಗಳ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ. 1978ರಲ್ಲಿ ರೋಡ್‌ಕಿಂಗ್ ಬಂತು.

ಜಾವಾದಲ್ಲಿ ಒಂದು ವಿಶೇಷವಿತ್ತು. ಕಿಕ್ಕರ್ ಮತ್ತು ಗೇರ್ ಎರಡೂ ಒಂದೇ ಸನ್ನೆ. ಎಡಗಾಲಲ್ಲಿ ಒದ್ದು ಗಾಡಿ ಚಾಲೂ ಮಾಡಿ, ಅದೇ ಸನ್ನೆಯನ್ನು ಮುಂದಕ್ಕೆ ತಿರುಗಿಸಿದರೆ ಗೇರ್ ಹಾಕುವ ಸನ್ನೆಯಾಗುತ್ತಿತ್ತು. ಗೇರ್ ಒತ್ತಿದಾಗ ಕ್ಲಚ್ ಅರ್ಧ ತಾನೇ ಬಿಡಿಸಿಕೊಳ್ಳುವ ಏರ್ಪಾಡೂ ಇತ್ತು. ಅದೇ ಕಾಲದಲ್ಲಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಬುಲೆಟ್ ಬಿಟ್ಟು ಜಾವಾ ಹತ್ತಿದವರು ಗಾಬರಿಯಲ್ಲಿ ಬ್ರೇಕ್ ಎಂದು ತಿಳಿದು ಗೇರನ್ನೇ ತುಳಿಯುವ ಅಪಾಯವಿತ್ತು. ಹೊಸ ಗಾಡಿ ಕಲಿಯುವುದಕ್ಕಿಂತ ಹಳೆಯದನ್ನು ಕಾಲಿನಿಂದ ಬಿಡಿಸುವುದೇ ಕಷ್ಟದ ಕೆಲಸ. ಕಮಲಾಪುರದಲ್ಲಿ ಜಾವಾ ರಿಪೇರಿ ಮಾಡಿಯೇ ವಯಸ್ಸು ಕಳೆದ ಮಿಸ್ತ್ರಿ ಚಾಚಾ ಒಬ್ಬರು ಇದನ್ನು ನನಗೆ ಕಾಲಾಡಿಸಿ ತೋರಿಸಿದರು. ಅವರ ಮುಂದೆ ಗಾಡಿ ಇರಲಿಲ್ಲ, ಮರದ ಸ್ಟೂಲ್ ಮೇಲೆ ಕೂತಿದ್ದರು. ಆದರೂ ಕಾಲು ಸರಿಯಾದ ಜಾಗಕ್ಕೇ ಹೋಗುತ್ತಿತ್ತು.

1980ರ ದಶಕದಲ್ಲಿ ಜಪಾನಿನ ಸಹಯೋಗದ ಗಾಡಿಗಳು ಬಂದವು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಹಾ ಆರ್‌ಎಕ್ಸ್ 100 ಬಂತು. ಅದಕ್ಕೂ ಮೊದಲು 1983ರಲ್ಲಿ ರಾಜದೂತ್ 350 ಎಂಬ ವೇಗದ ಗಾಡಿ ಬಂದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಅದರ ಮೂಲವಾದ ಯಮಹಾ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು. ಇಲ್ಲಿ ಮಾಡುವಾಗ ಡ್ರಮ್ ಬ್ರೇಕ್ ಹಾಕಿದರು. ವೇಗ ಬಂತು, ನಿಲ್ಲಿಸುವ ಬಲ ಅದರ ಜೊತೆಗೆ ಬರಲಿಲ್ಲ. 1996ರಲ್ಲಿ ಆರ್‌ಎಕ್ಸ್ 100 ನಿಂತಿತು, ಮೈಸೂರಿನ ಕಾರ್ಖಾನೆಯೂ ಮುಚ್ಚಿತು. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದವು, ಪೆಟ್ರೋಲ್ ಕಡಿಮೆ ಕುಡಿಯುವ ಫೋರ್ ಸ್ಟ್ರೋಕ್ ಗಾಡಿಗಳು ಊರೂರು ಸೇರಿದ್ದವು. ನಾನು ಹುಟ್ಟಿದ್ದು ಅದೇ ವರ್ಷ. ಆದರೆ ಅಪ್ಪ ಸೆಕೆಂಡ್ ಹ್ಯಾಂಡ್ ತಂದಿದ್ದ ರೋಡ್‌ಕಿಂಗ್ ನಿಲ್ಲಲಿಲ್ಲ. ಪೆಟ್ರೋಲಿಗೆ ಆಯಿಲ್ ಬೆರೆಸಿಕೊಂಡು ಅದು ನನಗೆ ಹದಿನೆಂಟು ತುಂಬುವವರೆಗೂ ಓಡಿತು. ನಾನು ಕಲಿತದ್ದು ಅದರ ಮೇಲೆಯೇ.

ಆ ಗಾಡಿ ಕಲಿಸಿದ ಪಾಠಗಳನ್ನು ಈಗ ಒಂದೊಂದಾಗಿ ಬಿಡಬೇಕಾಗಿತ್ತು. ಮೊದಲನೆಯದು ಕೂರುವ ರೀತಿ. ರೋಡ್‌ಕಿಂಗ್ ಮೇಲೆ ಅಪ್ಪ ಕುರ್ಚಿಯಲ್ಲಿ ಕೂತಂತೆ ಕೂರುತ್ತಿದ್ದರು. ನಾನೂ ಹಾಗೆಯೇ ಕಲಿತೆ. ಸ್ಪೋರ್ಟ್ಸ್ ಬೈಕಿನ ಬಾಗುವಿಕೆ ಬಂದದ್ದು ರೇಸಿನಿಂದ. ವೇಗದಲ್ಲಿ ಗಾಳಿಯೇ ದೊಡ್ಡ ಎದುರಾಳಿ, ಮೈ ತಗ್ಗಿಸಿದಷ್ಟೂ ಗಾಳಿ ಕಡಿಮೆ ತಡೆಯುತ್ತದೆ. 1950–60ರ ದಶಕದಲ್ಲಿ ಲಂಡನ್ನಿನ ಏಸ್ ಕೆಫೆಯಂಥ ಜಾಗಗಳಲ್ಲಿ ಸೇರುತ್ತಿದ್ದ ಹುಡುಗರು ರೇಸ್ ಗಾಡಿ ನೋಡಿ ತಮ್ಮ ಗಾಡಿಯ ಹ್ಯಾಂಡಲನ್ನು ಕೆಳಕ್ಕಿಳಿಸಿಕೊಂಡರು. 1985ರಲ್ಲಿ ಸುಜುಕಿ ಜಿಎಸ್‌ಎಕ್ಸ್-ಆರ್ 750 ಬಂದ ಮೇಲೆ ರೇಸ್ ಗಾಡಿಯ ರೂಪವೇ ಅಂಗಡಿಯಲ್ಲಿ ಸಿಗತೊಡಗಿತು. ನಮ್ಮಲ್ಲಿ 2008ರ ಯಮಹಾ ಆರ್15 ಆ ಭಂಗಿಯನ್ನು ಕಾಲೇಜು ಹುಡುಗರ ಕೈಗೆ ತಂದಿತು.

ವೇಗದಲ್ಲಿ ಎದುರು ಗಾಳಿ ಎದೆಯನ್ನು ಎತ್ತಿ ಹಿಡಿಯುತ್ತದೆ, ಮುಂಗೈ ಹಗುರಾಗುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವವನಿಗೆ ಆ ಗಾಳಿ ಎಲ್ಲಿಂದ ಬರಬೇಕು? ಮೊದಲ ವಾರ ರಾತ್ರಿ ಮುಂಗೈಗೆ ಬಿಸಿನೀರಿನ ಶಾಖ ಕೊಟ್ಟುಕೊಂಡೆ. ಮುರಿದ ಮೂಳೆ ಮತ್ತೆ ಮಾತಾಡತೊಡಗಿತ್ತು. ಗಾಡಿ ಮಾರಿಬಿಡಬೇಕೆಂದು ಎರಡು ಸಲ ಅನ್ನಿಸಿತು. ಕಮಲಾಪುರದಲ್ಲಿ ಮಿಸ್ತ್ರಿ ಚಾಚಾ ನಾನು ಗಾಡಿ ನಿಲ್ಲಿಸುವುದನ್ನು ದೂರದಿಂದ ನೋಡಿಯೇ, "ಬೇಟಾ, ಕೈಲೆ ಗಾಡಿ ಹಿಡಿಬ್ಯಾಡ, ತೊಡಿಲೆ ಹಿಡಿ. ಕೈ ಬರೇ ದಾರಿ ತೋರಸ್ಲಾಕ" ಎಂದರು. ಸ್ಪೋರ್ಟ್ಸ್ ಬೈಕ್ ಅವರು ಎಂದೂ ಓಡಿಸಿದವರಲ್ಲ. ಆದರೆ ಹೇಳಿದ್ದು ಸರಿಯಾಗಿತ್ತು. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು, ಬೆನ್ನು ಮತ್ತು ಹೊಟ್ಟೆಯ ಬಲದಲ್ಲಿ ಕೂತು, ಮೊಣಕೈ ಸಡಿಲ ಬಿಟ್ಟರೆ ಮುಂಗೈ ನೋವು ಅರ್ಧಕ್ಕಿಳಿಯುತ್ತದೆ.

ಎರಡನೆಯದು ತಿರುವು. ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಭಾನುವಾರ ಬೆಳಗಿನ ಖಾಲಿ ದಾರಿಯಲ್ಲಿ ಅಭ್ಯಾಸ ಮಾಡಿದೆ. ಎಡಕ್ಕೆ ಹೋಗಬೇಕಾದರೆ ಎಡ ಹಿಡಿಕೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಅಂದರೆ ಚಕ್ರ ಒಂದು ಕ್ಷಣ ಬಲಕ್ಕೆ ತಿರುಗುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ಆಮೇಲೆ ಎಡಕ್ಕೆ ಹೋಗುತ್ತದೆ. ಹೇಳಿದರೆ ನಂಬುವುದು ಕಷ್ಟ. ವಿಮಾನ ಕಟ್ಟುವ ಮೊದಲು ಸೈಕಲ್ ಅಂಗಡಿ ಇಟ್ಟಿದ್ದ ವಿಲ್ಬರ್ ರೈಟ್ ಇದನ್ನು ಗಮನಿಸಿದ್ದ. ಸೈಕಲ್ ಹೇಗೆ ತಿರುಗಿಸುತ್ತೀರಿ ಎಂದು ಹಲವರನ್ನು ಕೇಳಿದರೆ ಒಬ್ಬರೂ ಸರಿಯಾಗಿ ಹೇಳಲಿಲ್ಲ, ಎಲ್ಲರೂ ಸರಿಯಾಗಿ ತಿರುಗಿಸುತ್ತಿದ್ದರು. ಐದು ವರ್ಷದ ನಂತರ ನನ್ನ ಕಷ್ಟ ಇದರ ತಲೆಕೆಳಗು. ನಾನು ಸರಿಯಾಗಿ ಹೇಳಬಲ್ಲೆ, ಕೈ ತಿರುಗಿಸುತ್ತಿರಲಿಲ್ಲ. ಹೆದರಿದವನ ಕಣ್ಣು ಮುಂದಿನ ಗುಂಡಿಯನ್ನೇ ನೋಡುತ್ತದೆ, ಗಾಡಿ ಕಣ್ಣು ಹೋದ ಕಡೆಗೇ ಹೋಗುತ್ತದೆ. ತಿರುವಿನ ಕೊನೆಯನ್ನು ನೋಡಲು ಕತ್ತು ಎತ್ತುವುದು ಆ ಬೆಳಗುಗಳಲ್ಲಿ ನಾನು ಕಲಿತ ದೊಡ್ಡ ವಿಷಯ. ಹೊಸ ಟೈರು ಮೊದಲ ನೂರಾರು ಕಿಲೋಮೀಟರ್ ಜಾರುತ್ತದೆ, ಹೊಸ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಹೆಚ್ಚು ಎಳೆಯಬಾರದು. ನಿಧಾನಕ್ಕೆ ಹೋಗಲು ನನಗೆ ಮರ್ಯಾದೆಯ ಕಾರಣವೊಂದು ಸಿಕ್ಕಿತು.

ಮೂರನೆಯದು ಬ್ರೇಕು, ಇದೇ ನನ್ನನ್ನು ಬೀಳಿಸಿದ್ದು. ಸೈಕಲ್ ಕಲಿಸುವಾಗಲೇ ನಮ್ಮ ಕಡೆ ಹೇಳುತ್ತಾರೆ, ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳ್ತಿ ಎಂದು. ರೋಡ್‌ಕಿಂಗ್ ಮೇಲೆ ಅಪ್ಪ ಬಳಸುತ್ತಿದ್ದದ್ದೂ ಹೆಚ್ಚಾಗಿ ಹಿಂದಿನ ಬ್ರೇಕ್. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ, ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕು. 1999ರ ಸಿಬಿಝಡ್, 2001ರ ಪಲ್ಸರ್ ಬಂದ ಮೇಲೆ ಮುಂದಿನ ಡಿಸ್ಕ್ ನಮ್ಮ ಊರುಗಳಲ್ಲಿ ಸಾಮಾನ್ಯವಾಗುತ್ತ ಬಂತು. ಅದನ್ನು ಹಿಡಿಯುವುದು ಹೇಗೆಂದು ಮಾತ್ರ ಯಾರೂ ಯಾರಿಗೂ ಕಲಿಸಲಿಲ್ಲ. 2019ರ ಆ ದಿನ ಒದ್ದೆ ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂದಾಗ ನಾನು ಮುಂದಿನ ಬ್ರೇಕನ್ನು ಇಡೀ ಮುಷ್ಟಿಯಿಂದ ಹಿಡಿದೆ. ಚಕ್ರ ಕಚ್ಚಿ ನಿಂತಿತು, ಗಾಡಿ ಜಾರಿತು. ನಾಯಿ ಉಳಿಯಿತು. ಹೆಲ್ಮೆಟ್ಟಿನ ಎಡಭಾಗ ಅಂಗೈಯಗಲ ತೇಯ್ದಿತ್ತು. ಅದೇ ವರ್ಷದ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿತ್ತು. ನಾನು ಬಿದ್ದ ಗಾಡಿ ಅದಕ್ಕೂ ಹಳೆಯದು.

ಹೆಲ್ಮೆಟ್ಟಿಗೂ ಒಂದು ಸಾವಿನ ಚರಿತ್ರೆಯಿದೆ. ಅರೇಬಿಯಾದ ಲಾರೆನ್ಸ್ ಎಂದು ಹೆಸರಾದ ಟಿ. ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಮೋಟಾರ್‌ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸೇನೆಯ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ 1941ರಲ್ಲಿ ಪ್ರಕಟಿಸಿದರು. ಸೈನಿಕರಿಗೆ ಹೆಲ್ಮೆಟ್ ಕಡ್ಡಾಯವಾಗಲು ಆ ಅಧ್ಯಯನ ನೆರವಾಯಿತು. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಹೆಲ್ಮೆಟ್ ಹಾಕುವುದು ಸಂಕಟವೇ. ಆದರೆ ನನ್ನ ತೇಯ್ದ ಹೆಲ್ಮೆಟ್ಟನ್ನು ಅವ್ವ ಇನ್ನೂ ಅಟ್ಟದ ಮೇಲೆ ಇಟ್ಟಿದ್ದಾಳೆ, ಎಸೆಯಲು ಬಿಡುವುದಿಲ್ಲ.

ಕಮಲಾಪುರದ ದಾರಿ ಸುಮಾರು 35 ಕಿಲೋಮೀಟರ್. ಜನವರಿಯಲ್ಲಿ ಆ ದಾರಿಯಲ್ಲಿ ಹೋದರೆ ರಸ್ತೆ ಬದಿ ತೊಗರಿ ರಾಶಿ, ಹೊಟ್ಟು ಡಾಂಬರಿನ ಮೇಲೆ ಹರಡಿರುತ್ತದೆ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾಗುತ್ತದೆ. ರೇಸಿಗೆ ಹುಟ್ಟಿದ ಗಾಡಿಗೆ ಇದು ಪರದೇಶ. ಒಂದು ದಿನ ಮಹಾಗಾಂವ ದಾಟಿದ ಮೇಲೆ ಎಮ್ಮೆಗಳು ರಸ್ತೆಗಿಳಿದವು. ಎರಡು ಬೆರಳಲ್ಲಿ ಮುಂದಿನ ಬ್ರೇಕನ್ನು ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ ಒತ್ತಿದೆ. ಗಾಡಿ ನೆಟ್ಟಗೆ ನಿಂತಿತು. ಎಮ್ಮೆಗಳು ದಾಟುವವರೆಗೆ ಎಂಜಿನ್ ಬಂದ್ ಆಗಿಲ್ಲವೆಂಬುದನ್ನೂ ಗಮನಿಸಲಿಲ್ಲ. ಆಮೇಲೆ ಹೊಳೆಯಿತು, ಅಷ್ಟೂ ಹೊತ್ತು ನಾನು ಮುಂಗೈಯ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಒಂದು ವಿಷಯ ಮಾತ್ರ ಒಗ್ಗಲಿಲ್ಲ. ಅಪ್ಪನ ಗಾಡಿಯ ಉದ್ದ ಸೀಟಿನ ಮೇಲೆ ಅವ್ವ, ನಡುವೆ ನಾನು, ಅವ್ವನ ತೊಡೆಯ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ. ಆ ಸೀಟು ಒಂದು ಮನೆಯೇ ಆಗಿತ್ತು. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಚಕ್ರಕ್ಕೆ ಸಿಗದಂತೆ ಮುಚ್ಚಳ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಹಾಗಾಗಿ ರೇಸ್ ರೂಪದ ನನ್ನ ಗಾಡಿಯ ಪಕ್ಕದಲ್ಲೂ ಸೀರೆ ರಕ್ಷಣೆಯ ಕಬ್ಬಿಣವಿದೆ. ಸೀರೆಯುಟ್ಟವರು ಕೂರುವ ಸೀಟು ಇಲ್ಲ. ನಿಯಮಕ್ಕೆ ಅವ್ವನ ನೆನಪಿದೆ, ಗಾಡಿಯ ರೂಪ ಮಾಡಿದವರಿಗೆ ಇರಲಿಲ್ಲ. ಕೊಳ್ಳುವಾಗ ನನಗೂ ಇರಲಿಲ್ಲ ಎಂಬುದನ್ನು ಒಪ್ಪಬೇಕು. ಅವ್ವನಿಗೆ ಎಲ್ಲಿಗಾದರೂ ಹೋಗಬೇಕಾದರೆ ಈಗಲೂ ಆಟೋ.

ಮೊನ್ನೆ ಕಮಲಾಪುರದಿಂದ ಬಾಳೆಹಣ್ಣನ್ನು ಬೆನ್ನಿನ ಚೀಲದಲ್ಲಿ ತಂದೆ, ಅರ್ಧ ನಜ್ಜುಗುಜ್ಜಾಗಿತ್ತು. ಅವ್ವ ಏನೂ ಅನ್ನದೆ ಒಳ್ಳೆಯವನ್ನು ಆರಿಸಿಟ್ಟಳು. ಅಪ್ಪ ಅಂಗಳಕ್ಕೆ ಬಂದು, ಯಾರೂ ಕೇಳದೆಯೇ, ಗಾಡಿಯ ಮೇಲೆ ಕೂತರು. ಬೆನ್ನು ಬಗ್ಗಿಸಲಿಲ್ಲ, ಹ್ಯಾಂಡಲ್ ಕೈಗೆ ಸಿಗಲಿಲ್ಲ. ಅವರ ಎಡಗಾಲು ಮಾತ್ರ ಪಾದದ ಕೆಳಗೆ ಏನನ್ನೋ ಹುಡುಕಿತು, ಗೇರಿನ ಸನ್ನೆಯನ್ನು ಒಳಗಿನಿಂದ ತಟ್ಟಿ ಮೇಲೆತ್ತಲು ನೋಡಿತು.

"ಕಿಕ್ಕರ್ ಎಲ್ಲಿ ಅದನೋ ಇದರಾಗ?" ಎಂದರು.

ಬಟನ್ ತೋರಿಸಿದೆ. ಒತ್ತಿದರು. ಗಾಡಿ ಚಾಲೂ ಆಯಿತು. ಅಪ್ಪನ ಕಾಲು ಇನ್ನೂ ಅಲ್ಲೇ ಹುಡುಕುತ್ತಿತ್ತು.