ಬಾದಾಮಿ ಗುಡ್ಡಕ್ಕೆ ಬಂದವರು, ಬಾದಾಮಿಯಲ್ಲೇ ಉಳಿದವರು

ಶನಿವಾರ, ಭಾನುವಾರ ಬಂತೆಂದರೆ ಬಾದಾಮಿಯ ಸ್ಟೇಷನ್ ರಸ್ತೆಯಲ್ಲಿ ನಡೆಯಲು ಜಾಗ ಇರುವುದಿಲ್ಲ. ಹುಬ್ಬಳ್ಳಿ, ಬೆಳಗಾವಿ, ಸೊಲ್ಲಾಪುರ, ಬೆಂಗಳೂರಿನ ಕಾರುಗಳು. ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು. ಇವುಗಳ ಸಂದಿಯಲ್ಲೇ ಹಳ್ಳಿಗೆ ಹೊರಟ ನಮ್ಮ ಟಂಟಂಗಳು. ಹುನಗುಂದ, ಇಳಕಲ್ಲ, ಬಾಗಲಕೋಟೆ ಕಡೆಯ ನಾವು ಗೆಳೆಯರು ಎರಡು ದಿನ ಬಿಡುವು ಮಾಡಿಕೊಂಡು ಈ ಗದ್ದಲದೊಳಗೇ ತಿರುಗಾಡಿದೆವು. ಮನೆ ಹತ್ತಿರದ ಊರನ್ನು ಅತಿಥಿಗಳ ಹಾಗೆ ನೋಡಿದಾಗ ಒಂದು ಪ್ರಶ್ನೆ ಎದ್ದಿತು. ಈ ಗುಡ್ಡಕ್ಕೆ ಜನ ಬರುತ್ತಿರುವುದು ಯಾವಾಗಿನಿಂದ? ಯಾತಕ್ಕೆ?

ಮೊದಲು ಬಂದವರು ಕೋಟೆಗಾಗಿ

ಎರಡು ಕಡೆ ಕೆಂಪು ಮರಳುಗಲ್ಲಿನ ಕಡಿದಾದ ಗುಡ್ಡ, ನಡುವೆ ಅಗಸ್ತ್ಯ ತೀರ್ಥದ ನೀರು. ಕಾವಲಿಗೂ ಕುಡಿಯಲಿಕ್ಕೂ ಅನುಕೂಲವಾದ ಜಾಗ. ಚಾಲುಕ್ಯರ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಉತ್ತರದ ಗುಡ್ಡದ ಬಂಡೆಯ ಮೇಲೆ ಅವನ ಶಾಸನವಿದೆ. ಅದರಲ್ಲಿ ಶಕ ವರ್ಷ 465 ಎಂದಿದೆ, ಅಂದರೆ ಕ್ರಿ.ಶ. 543. ಮೇಲಿನಿಂದಲೂ ಕೆಳಗಿನಿಂದಲೂ ಯಾರೂ ಗೆಲ್ಲಲಾಗದ ಕೋಟೆ ಎಂದು ಅದು ಹೇಳಿಕೊಳ್ಳುತ್ತದೆ.

ಆದರೆ ಗೆದ್ದವರು ಬಂದೇ ಬಂದರು. ಹರ್ಷವರ್ಧನನನ್ನು ನರ್ಮದೆಯ ಬಳಿ ತಡೆದ ಇಮ್ಮಡಿ ಪುಲಕೇಶಿಯ ಕಾಲದಲ್ಲೇ, 642ರಲ್ಲಿ, ಪಲ್ಲವರ ನರಸಿಂಹವರ್ಮ ಈ ಊರನ್ನು ಹಿಡಿದ. 'ವಾತಾಪಿಕೊಂಡ' ಎಂಬ ಬಿರುದನ್ನೂ ಇಟ್ಟುಕೊಂಡ. ತೆಗ್ಗಿನ ಈರಪ್ಪನ ಗುಡಿಯ ಬಳಿಯ ಬಂಡೆಯ ಮೇಲೆ ಅವನೂ ತನ್ನ ಶಾಸನ ಬರೆಸಿದ್ದಾನೆ. ಮುಂದೆ ಹತ್ತು ಹನ್ನೆರಡು ವರ್ಷಕ್ಕೆ ಪುಲಕೇಶಿಯ ಮಗ ಒಂದನೇ ವಿಕ್ರಮಾದಿತ್ಯ ಊರನ್ನು ಮರಳಿ ಪಡೆದ.

ಆ ಮೇಲೂ ದಂಡು ಬರುವುದು ನಿಲ್ಲಲಿಲ್ಲ. 1786ರಲ್ಲಿ ಮರಾಠರು ಮತ್ತು ನಿಜಾಮರ ಸೈನ್ಯ ಟಿಪ್ಪುವಿನಿಂದ ಕೋಟೆಯನ್ನು ಕಸಿದುಕೊಂಡಿತು. 1818ರಲ್ಲಿ ಥಾಮಸ್ ಮನ್ರೋ ಬ್ರಿಟಿಷರ ಪರವಾಗಿ ಹಿಡಿದ. 1841ರಲ್ಲಿ ಕಣ್ಣು ಕಾಣದ ನರಸಪ್ಪ ಪೇಟಕರ ಅರಬ್ಬರ ಪಡೆ ಕಟ್ಟಿಕೊಂಡು ಬಾದಾಮಿಯನ್ನು ಕೆಲವು ದಿನ ಬ್ರಿಟಿಷರ ಕೈಯಿಂದ ಬಿಡಿಸಿದ್ದ. ಇಂದು ಮಕ್ಕಳು ತೋಪಿನ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವ ಆ ಗುಡ್ಡದ ಹಿಂದೆ ಇಷ್ಟೆಲ್ಲ ಇದೆ.

ಕಲ್ಮನೆ ಮತ್ತು ಒಂದು ಹಳ್ಳಿ

ಈಗ ಬರುವವರು ಹೆಚ್ಚಾಗಿ ನೋಡುವುದು ನಾಲ್ಕು ಗುಹೆಗಳನ್ನು. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ. ಎರಡನೆಯದು, ಮೂರನೆಯದು ವಿಷ್ಣುವಿನವು. ನಾಲ್ಕನೆಯದು ಜೈನರದ್ದು. ಬಹಳ ಮಂದಿ ಒಂದೂವರೆ ತಾಸಿನಲ್ಲಿ ನೋಡಿ ಮುಗಿಸಿ, 22 ಕಿ.ಮೀ. ದೂರದ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ.

ಮೂರನೆಯ ಗುಹೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಮಂಗಲೇಶ ಇದನ್ನು 578ರಲ್ಲಿ, ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ. ದೊಡ್ಡ ಶಾಸನ ಸಂಸ್ಕೃತದಲ್ಲಿದೆ. ಅದರ ಜೊತೆಗೆ ಒಂದು ಸಣ್ಣ ಕನ್ನಡ ಶಾಸನವೂ ಇದೆ. ಅದು ಗುಹೆಯನ್ನು 'ಕಲ್ಮನೆ' ಎಂದು ಕರೆಯುತ್ತದೆ. ಕಲ್ಲಿನ ಮನೆ, ಎಷ್ಟು ಸರಳ ಮಾತು! ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನೂ, ದೇವರಿಗೆ ಹೂಮಾಲೆ ಕಟ್ಟುವವರ ಪಾಲನ್ನೂ ಅದು ಹೇಳುತ್ತದೆ. ಇದನ್ನು ಕೆಡಿಸಿದವನು ಏಳನೆಯ ನರಕದಲ್ಲಿ ಹುಳುವಾಗಲಿ ಎಂಬ ಶಾಪವೂ ಇದೆ.

ಅಂದರೆ ಅರಸ ಕೊರೆಸಿದ ಗುಹೆಯನ್ನು ಮುಂದೆ ನಡೆಸಿದ್ದು ಒಂದು ಹಳ್ಳಿಯ ದುಡಿಮೆ. ಹೊಲ ಉತ್ತವರು, ಹೂ ಕಟ್ಟಿದವರು. ಕೊರೆದ ಶಿಲ್ಪಿಗಳೂ ಅಲ್ಲಲ್ಲಿ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟಿದ್ದಾರೆ. ಅವರಿಗೆ ಆ ಹಕ್ಕಿತ್ತು. ಮೊಳೆಯಿಂದ ತಮ್ಮ ಮತ್ತು ಗೆಳತಿಯ ಹೆಸರು ಗೀಚಿ ಹೋಗುವ ಇಂದಿನವರಿಗೆ ಇಲ್ಲ. ಅದು ಕಾನೂನಿನಲ್ಲಿ ಅಪರಾಧ ಕೂಡ.

ಕೆರೆ ಸಮೀಪದ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು ನೋಡಲು ಹೋಗುವವರು ಕಡಿಮೆ. ಸುಮಾರು 700ನೇ ಇಸವಿಯದು. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಅದರಲ್ಲಿವೆ. ಸರ್ವಜ್ಞ ಬಳಸಿದ್ದು, ನಮ್ಮ ಅಜ್ಜಿಯರು ಬೀಸುವಾಗ ಹಾಡಿದ್ದು ಅದೇ ಮಟ್ಟು.

ನೋಡಲೆಂದೇ ಬಂದವರು

ಯುದ್ಧಕ್ಕಲ್ಲದೆ, ದೇವರಿಗಲ್ಲದೆ, ಬರೀ ನೋಡಲು ಬರುವ ರೂಢಿ ಹೊಸದು. 1874ರಲ್ಲಿ ಜೇಮ್ಸ್ ಬರ್ಜೆಸ್ ಆಗಿನ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ತಿರುಗಿ ಗುಹೆಗಳ ಅಳತೆ, ಚಿತ್ರಗಳ ವರದಿ ಬರೆದ. 1884ರಲ್ಲಿ ಗದಗ–ಹೊಟಗಿ ರೈಲು ಬಂತು. ಬಾದಾಮಿಗೆ ಸ್ಟೇಷನ್ ಆಯಿತು. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ವಿದೇಶದವರೂ ಹೆಚ್ಚಿದರು. ಈಗ ಹಗ್ಗ ಹಿಡಿದು ಬಂಡೆ ಹತ್ತುವ ಹುಡುಗ ಹುಡುಗಿಯರೂ ದೂರದೂರದಿಂದ ಬರುತ್ತಾರೆ.

ನಮ್ಮ ಹಳ್ಳಿ ಜನರ 'ವೀಕೆಂಡ್' ಮಾತ್ರ ಇದಕ್ಕಿಂತ ಹಳೆಯದು. ಬನದ ಹುಣ್ಣಿವೆಗೆ ಬನಶಂಕರಿ ಜಾತ್ರೆ. ತೇರು, ತಿಂಗಳುಗಟ್ಟಲೆ ಕಂಪನಿ ನಾಟಕ, ಮನೆ ಕಟ್ಟುವವರು ಕೊಳ್ಳುವ ಬಾಗಿಲು, ಚೌಕಟ್ಟು. ಇಂದಿಗೂ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಅವ್ವಂದಿರು ಜೋಳದ ರೊಟ್ಟಿ, ಪಲ್ಯ, ಚಟ್ನಿ, ಮೊಸರು ಬಡಿಸುತ್ತಾರೆ. ನಾವು ಅಲ್ಲೇ ಉಂಡೆವು. ಪ್ರವಾಸಿಗರ ದುಡ್ಡು ನೇರವಾಗಿ ಹಳ್ಳಿಯ ಕೈ ಸೇರುವ ಕೆಲವೇ ಜಾಗಗಳಲ್ಲಿ ಅದೊಂದು.

ಗುಡ್ಡದ ಕೆಳಗಿನ ಮನೆಗಳು

ಗುಹೆಯಿಂದ ಕೆಳಗೆ ನೋಡಿದರೆ ಕೆರೆಯ ದಂಡೆಯವರೆಗೂ ಮನೆಗಳು. ಕೆರೆ ಮೆಟ್ಟಿಲ ಮೇಲೆ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾನೂನಿನಂತೆ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಹಳೆ ಮನೆ ರಿಪೇರಿಗೂ ಅರ್ಜಿ ಕೊಡಬೇಕು. ಬಾದಾಮಿ, ಐಹೊಳೆಗಳಲ್ಲಿ ಮನೆಗಳನ್ನೇ ಬೇರೆ ಕಡೆ ಸಾಗಿಸುವ ಮಾತೂ ವರ್ಷಗಳಿಂದ ನಡೆದಿದೆ. ಮಗನ ಮದುವೆಗೆ ಒಂದು ಕೋಣೆ ಹೆಚ್ಚಿಗೆ ಕಟ್ಟಬೇಕೆಂದಿರುವ ಮನೆಗೆ ಇದು ದೊಡ್ಡ ಚಿಂತೆ.

ಕಲ್ಲು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಗುಡ್ಡಕ್ಕೆ ಒತ್ತಿ ಮೂರಂತಸ್ತು ಏಳಿಸಿದರೆ ಯಾರಿಗೂ ಒಳ್ಳೆಯದಲ್ಲ. ಆದರೆ ಬಾದಾಮಿ ಜನ ಬಾಳಿದ ಊರು. ಮಂಗಲೇಶನ ಶಾಸನವೇ ಗುಹೆಯ ಜೊತೆ ಹಳ್ಳಿಯನ್ನೂ ಹೂ ಕಟ್ಟುವವರನ್ನೂ ಹೆಸರಿಸಿದೆ. ಹಾಗಾಗಿ ಮನೆ ಬಿಡಿ ಎನ್ನುವ ಮುನ್ನ ಎಲ್ಲಿಗೆ, ಎಷ್ಟು ಪರಿಹಾರಕ್ಕೆ, ಹೊಟ್ಟೆಪಾಡಿಗೆ ಏನು ಎಂಬುದು ಕಾಗದದ ಮೇಲೆ ಬರಬೇಕು. ಅದನ್ನು ಅಲ್ಲಿನವರ ಎದುರಿಗೇ ತೀರ್ಮಾನಿಸಬೇಕು.

ಮುಂದಿನ ಸಲ ಬೀಗರನ್ನೋ ಗೆಳೆಯರನ್ನೋ ಬಾದಾಮಿಗೆ ಕರೆದೊಯ್ದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಗುಹೆ ಆದ ಮೇಲೆ ಕಪ್ಪೆ ಅರಭಟ್ಟನ ಬಂಡೆಗೂ ಹೋಗಿ, ಬನಶಂಕರಿಯಲ್ಲಿ ರೊಟ್ಟಿ ಉಣ್ಣಿ. ಸೀರೆ ಬೇಕಾದರೆ ಇಳಕಲ್ಲಿನಲ್ಲಿ, ಖಣ ಬೇಕಾದರೆ ಗುಳೇದಗುಡ್ಡದಲ್ಲಿ ನೇಕಾರರ ಮನೆಗೇ ಹೋಗಿ ಕೊಳ್ಳಿ. ನಿಮ್ಮೂರಲ್ಲೂ ಹಾಳುಬಿದ್ದ ಗುಡಿ, ಹೂತುಹೋದ ಶಾಸನ ಇದ್ದರೆ ಅದರ ಮೇಲೆ ಸುಣ್ಣ ಬಳಿಯಲು ಬಿಡಬೇಡಿ. ಫೋಟೊ ತೆಗೆದು, ಅದು ಯಾರ ಹೊಲದಲ್ಲಿದೆ, ಎಷ್ಟು ಸಾಲಿದೆ ಎಂದು ಬರೆದಿಡಿ. ಮುಂದಿನ ಗ್ರಾಮಸಭೆಯಲ್ಲಿ ಅದರ ಮಾತು ಎತ್ತಿ.